ಹತ್ತಕ್ಕೆ ಹತ್ತು

ಫೆಬ್ರವರಿ 3, ಬೆಳಿಗ್ಗೆ 6.50

ನಾಲ್ಕು ಕಿ.ಮೀ. ನಲವತ್ತೊಂದು ನಿಮಿಷ. ಇದನ್ನು ಓಟ ಅನ್ನಬಾರದು. ನಮ್ಮೂರು ಇಟೆನ್‌ನ ಇದೇ ಮಣ್ಣುರಸ್ತೆಯಲ್ಲಿ ಒಂದು ಕಾಲಕ್ಕೆ ಇಷ್ಟು ಹೊತ್ತಿಗೆ ಹದಿನೈದು ಮುಗಿಸಿ ಚಹಾ ಕುಡಿಯುತ್ತಿದ್ದೆ — ನಾಲ್ಕು ಚಮಚ ಸಕ್ಕರೆ ಹಾಕಿ. ಈಗ ಸಕ್ಕರೆ ರಕ್ತದಲ್ಲೇ ಇದೆ. ಖಾಲಿ ಹೊಟ್ಟೆಗೆ 13.8. ಆರು ದಾಟಬಾರದಂತೆ.

ಲಗಾಟ್ ಸಿಕ್ಕ. ಹತ್ತು ವರ್ಷ ಜೊತೆಗೆ ಓಡಿದವನು. "ಏನಪ್ಪಾ ಚಾಂಪಿಯನ್, ಹೊಟ್ಟೆ ಮುಂದೆ ಹೋಯ್ತು, ನೀನ್ಯಾಕೆ ಹಿಂದೆ ಉಳ್ದೆ?" ನಕ್ಕೆ. ಮೈಯೆಲ್ಲ ಉರಿಯಿತು.

ಫೆಬ್ರವರಿ 5

ಕ್ಲಿನಿಕ್. ನರ್ಸ್ ಜೆಬೆಟ್ ಹೇಳಿದಳು: "ಓಡೋವಾಗ ಮಾಂಸಖಂಡ ತಾನೇ ಸಕ್ಕರೆ ಎಳ್ಕೊಳ್ಳತ್ತೆ, ದೊಡ್ಡಪ್ಪ. ಓಟ ಬಿಟ್ರೆ ಕೆಲವೇ ವಾರದಲ್ಲಿ ಎಲ್ಲಾ ಮರ್ತ್‌ಬಿಡತ್ತೆ. ಹಳೇ ಪದಕ ಲೆಕ್ಕಕ್ಕಿಲ್ಲ."

ಆಮೇಲೆ ಕಣ್ಣು ಮುಚ್ಚಿಸಿ ಅಂಗಾಲಿಗೆ ನೈಲಾನ್ ಎಳೆ ಒತ್ತಿದಳು. ತಗಲಿದರೆ ಹೂಂ ಅನ್ನಬೇಕು. "ಪಾದ ಜೋಮು ಹಿಡಿದವ್ರಿಗೆ ಓಟ ಇಲ್ಲ. ಸೈಕಲ್ಲೇ ಗತಿ."

ಎಡಗಾಲಿಗೆ ಏನೂ ತಗಲಲಿಲ್ಲ. ಆದರೆ ಒತ್ತುವ ಮುನ್ನ ಅವಳು ಉಸಿರು ಹಿಡಿಯುತ್ತಾಳೆ. ಓಟ ಶುರುಮಾಡಲು ಪಿಸ್ತೂಲು ಹಿಡಿದವನ ಉಸಿರಿಗೇ ಕಿವಿಗೊಟ್ಟು ಇಪ್ಪತ್ತು ವರ್ಷ ಗೆರೆಯ ಮೇಲೆ ನಿಂತವನು ನಾನು. ಹೂಂ. ಹೂಂ. ಹೂಂ... ಹತ್ತಕ್ಕೆ ಹತ್ತು.

"ಭೇಷ್. ಮೂರು ತಿಂಗ್ಳು ಓಡಿ. ಸಕ್ಕರೆ ಇಳಿದ್ರೆ ಇನ್ಸುಲಿನ್ ಸೂಜಿ ಬೇಡ. ದಿನಾ ಅಂಗಾಲು ಮಾತ್ರ ನೋಡ್ಕೊಳಿ."

ಫೆಬ್ರವರಿ 27

ಏಳು ಕಿ.ಮೀ. ಸಕ್ಕರೆ 9.6.

ಹೆಂಡತಿ ಜೆಮೆಲಿ ಬೋಗುಣಿಯಲ್ಲಿ ಬಿಸಿನೀರು ತಂದಳು. "ಕೊರಿರ್‌ನ ಅಪ್ಪಾ, ಕಾಲು ಕೊಡಿ, ನೋಡ್ತೀನಿ."

"ಗೊರಸು ನೋಡೋಕೆ ನಾನೇನು ಮೇಕೆನಾ?"

"ಮೇಕೆಯಾಗಿದ್ರೆ ಸುಮ್ನೆ ಕಾಲು ಕೊಡ್ತಿತ್ತು."

ನೀರು ಚೆಲ್ಲಿ ಹೋದಳು. ಹೆಂಡತಿ ಮುಂದೆ ಕಾಲು ಚಾಚಿ ಕೂರಲು ನನಗಿನ್ನೂ ಅಷ್ಟು ವಯಸ್ಸಾಗಿಲ್ಲ.

ಏಪ್ರಿಲ್ 2

ಹನ್ನೆರಡು. 6.9. ಬೆಲ್ಟು ಎರಡು ತೂತು ಒಳಗೆ. ಹಳೇ ರೇಸ್ ಷೂ ಹಾಕಿದೆ. ಮೊದಲೆಲ್ಲ ಅದರಲ್ಲಿ ಬೆರಳು ಉರಿಯುತ್ತಿತ್ತು. ಈಗ ನೋವೇ ಇಲ್ಲ. ದಿಣ್ಣೆಯಲ್ಲಿ ಲಗಾಟ್‌ನನ್ನು ಹಿಂದೆ ಹಾಕಿದೆ. ಇವತ್ತು ಅವನೇ ಸೊಂಟ ಹಿಡಿದು ದಾರಿ ಬದಿಗೆ ನಿಂತ. ಎಷ್ಟು ಹಿತವಾಗಿತ್ತು.

ಏಪ್ರಿಲ್ 9

ಹದಿನಾಲ್ಕು.

ಮನೆಯಲ್ಲಿ ನಾತ. ಇಲಿ ಸತ್ತಿದೆ ಅಂದುಕೊಂಡೆ. ಜೆಮೆಲಿ ಮೂಲೆ ಮೂಲೆ ಹುಡುಕಿ, ಕೊನೆಗೆ ನನ್ನ ಎಡ ಷೂ ಕೊಡವಿದಳು. ಬಟಾಣಿಯಷ್ಟು ದೊಡ್ಡ ಚೂಪುಗಲ್ಲು ಬಿತ್ತು.

"ಎಷ್ಟು ದಿನದಿಂದ ಇದೆ ಇದು?"

ಗೊತ್ತಿಲ್ಲ. ಕಾಲ್ಚೀಲದ ಕಲೆಯನ್ನು ರಸ್ತೆಯ ಕೆಂಪುಮಣ್ಣು ಅಂದುಕೊಂಡಿದ್ದೆ. ಅವಳು ನನ್ನ ಪಾದ ತಿರುಗಿಸಿ ನೋಡಿದಳು. ಅಳಲೂ ಇಲ್ಲ, ಬೈಯಲೂ ಇಲ್ಲ. ಸೀದಾ ಗಾಡಿ ಕರೆಯಲು ಹೋದಳು.

ಮೇ 6, ಎಲ್ಡೊರೆಟ್, ಆಸ್ಪತ್ರೆ ವಾರ್ಡು

ಮೊದಲು ಮೂರು ಬೆರಳು ಕತ್ತರಿಸಿದರು. ಆಮೇಲೆ ಅರ್ಧ ಪಾದ.

ಜೆಬೆಟ್ ನೋಡಲು ಬಂದಳು. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸಿದಳು. ತುಂಬಾ ಇಳಿದಿದೆ. "ಓಟ ತನ್ನ ಕೆಲ್ಸ ಮಾಡಿದೆ, ದೊಡ್ಡಪ್ಪ," ಅಂದಳು. ಮಂಚದ ಕೊನೆಗೆ ನೋಡದೆ ಕೇಳಿದಳು — "ಆವತ್ತು ನಾನೇ ಸರಿಯಾಗಿ ಪರೀಕ್ಷೆ ಮಾಡ್ಲಿಲ್ಲ ಅನ್ಸತ್ತೆ. ಅಲ್ವಾ?"

ಕಣ್ಣು ಮುಚ್ಚಿಕೊಂಡೆ. ಹೂಂ ಅಂದೆ.

ನಾಚಿಕೆಗೆಟ್ಟವನು ನಾನು.

ಮೇ 8

ಜೆಬೆಟ್ ಮತ್ತೆ ಬಂದಳು. ಕೈಯಲ್ಲಿ ಅದೇ ಎಳೆ. ಇವತ್ತು ಬಲಗಾಲು. "ನಿಧಾನಕ್ಕೆ ಹೇಳಿ, ಅವಸರ ಇಲ್ಲ." ಕಣ್ಣು ಮುಚ್ಚಿದೆ. ಅವಳು ಉಸಿರು ಹಿಡಿದದ್ದು ಕೇಳಿಸಿತು. ಪಾದಕ್ಕೆ ಏನೂ ತಗಲಲಿಲ್ಲ. ಹೂಂ ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿ, "ತಗಲಲಿಲ್ಲ, ಆವತ್ತೂ ತಗಲಿರಲಿಲ್ಲ," ಅಂದೆ.