ಮಾವಿನ ಮರದಿಂದ ಬಾಂದುಕಲ್ಲಿಗೆ

ಮಿರ್ಜಾನ,
ತಾ. ೨೧ ಮೇ ೧೯೪೬

ಮುಂಬಯಿಯಲ್ಲಿರುವ ಯಜಮಾನರಿಗೆ ಮಿರ್ಜಾನದ ಮನೆಯಿಂದ ನೀಲಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಇಲ್ಲಿ ಎಲ್ಲರೂ ಎಂದರೆ ನಾನೊಬ್ಬಳೇ, ಕ್ಷೇಮವಾಗಿದ್ದೇನೆ. ನಿಮ್ಮ ಕಾಗದದಲ್ಲಿ ನನ್ನ ವಿಚಾರ ಒಂದು ಸಾಲು, ತೋಟದ ಪಾಗಾರದ ಗೋಡೆಯ ವಿಚಾರ ಎರಡು ಪುಟ ಇತ್ತು. ನಾನೂ ಅದೇ ಪ್ರಮಾಣದಲ್ಲಿ ಉತ್ತರ ಬರೆಯುತ್ತೇನೆ.

ಪಾಗಾರ ಮುಗಿದಿದೆ. ಎದೆಯೆತ್ತರ ಸಾಲದು, ಆಳೆತ್ತರ ಬೇಕು ಎಂದಿದ್ದಿರಿ; ಆಳೆತ್ತರವೇ ಆಗಿದೆ. ದೀಪಾವಳಿಗೆ ನೀವು ನೌಕರಿ ಮುಗಿಸಿ ಊರಿಗೆ ಬಂದು, ಜಗುಲಿಯಲ್ಲಿ ಆರಾಮ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುವಾಗ, ಹೊಳೆದಂಡೆಯ ಕೇರಿಯ ಹೆಂಗಸರು ಕೊಡಪಾನ ಹೊತ್ತು ನಿಮ್ಮ ಕಣ್ಣೆದುರು ಹಾಯುವುದಿಲ್ಲ. ಹೋದ ಬೇಸಿಗೆಯ ಎಂಟು ದಿನದ ರಜೆಯಲ್ಲಿ ನಿಮಗೆ ಇಲ್ಲಿ ಆದ ದೊಡ್ಡ ಕಷ್ಟ ಅದೊಂದೇ ಎಂದು ನೆನಪಿದೆ. ಆ ಕಷ್ಟ ಪರಿಹಾರವಾಯಿತು. ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಬಾವಿ ಪಾಗಾರದ ಆಚೆ ಉಳಿದಿದೆ.

ಇದನ್ನು ಓದಿ ನೀವು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ ಇನ್ನೊಮ್ಮೆ ಓದುತ್ತೀರಿ. ಆ ಶ್ರಮ ಬೇಡ. ತೋಟದ ಸಿಹಿನೀರಿನ ಬಾವಿ, ಮೂರು ತೆಂಗಿನ ಮರ, ಬಟ್ಟೆ ಒಗೆಯುವ ಕಲ್ಲು, ಇಷ್ಟೂ ಈಗ ಆಚೆಗಿವೆ. ಹೇಗಾಯಿತೆಂದು ಕ್ರಮವಾಗಿ ಬರೆಯುತ್ತೇನೆ.

ನೀವು ಮುಂಬಯಿಯಲ್ಲೇ ಕುಳಿತು ಯಾರದೋ ಶಿಫಾರಸಿನ ಮೇಲೆ ಗೊತ್ತುಮಾಡಿದ ಕುಮಟೆಯ ಕಂತ್ರಾಟದಾರ ಮಾಬ್ಲೇಶ್ವರ ಯುಗಾದಿಯ ಮರುವಾರ ಬಂದ. ಬೆವರು ಹರಿಯುವ ಚೈತ್ರದಲ್ಲಿ ಅವನ ಮೈಮೇಲೆ ಸೈನ್ಯದವರು ಹರಾಜಿಗೆ ಹಾಕಿದ್ದ ದಪ್ಪ ಖಾಕಿ ಕೋಟು ಇತ್ತು. ಕಿಸೆಯಲ್ಲಿ ಪೆನ್ನು. ರಸೀದಿ ಬರೆಯಲು ನನ್ನ ಹತ್ತಿರ ಮಸಿಕುಡಿಕೆ ಕೇಳಿದಾಗಲೇ ಅದರಲ್ಲಿ ಮಸಿ ಇಲ್ಲವೆಂದು ತಿಳಿದದ್ದು. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಬ್ಬರಿಸುವ ಹಾಗೆ, ಒಂದು ಕಲ್ಲೂ ಬರುವ ಮೊದಲೇ ಅಂಗಳದಲ್ಲಿ ಅವನ ಅಬ್ಬರ ಶುರುವಾಯಿತು.

"ನೀವು ಎಂತದೂ ಹೆದರಬೇಡಿ ಅಮ್ಮಾ. ಯಜಮಾನ್ರು ರಮಾನಂದರಾಯರ ನಕಾಶೆ ಒಂದು ಸಲ ನೋಡಿದ್ರೆ ಆತು, ಇಡೀ ಗೋಡೆ ನನ್ನ ಕಣ್ಣೊಳಗೆ ನಿಂತ್ಕಳ್ತದೆ" ಎಂದ.

ಕೆಲಸಕ್ಕೆ ಬಂದಿದ್ದ ಹೊನ್ನಾವರದ ಕಡೆಯ ಮೇಸ್ತ್ರಿ ಬೊಮ್ಮಯ್ಯ ಅಲ್ಲೇ ಎಲೆಯಡಿಕೆಯ ಕವಳ ಹಾಕುತ್ತ ಕುಳಿತಿದ್ದ. "ಕಣ್ಣೊಳಗೇ ಗೋಡೆ ಕಟ್ಟೂಕೆ ಬರೂದಾದ್ರೆ ನಮ್ಮನ್ನ ಎಂತಕೆ ಕರ್ಕಂಡ್ ಬಂದೆ ಮಾರಾಯಾ?" ಎಂದ. ಆ ನಲವತ್ತು ದಿನಗಳಲ್ಲಿ ಈ ಅಂಗಳದಲ್ಲಿ ಆಡಿದ ಬುದ್ಧಿವಂತ ಮಾತು ಅದೊಂದೇ.

ಗೋಡೆಗೆ ಬೇಕಾದ ಚಿರೆಕಲ್ಲಿಗೂ ಮಾಬ್ಲೇಶ್ವರನ ಹತ್ತಿರ ಉಪಾಯವಿತ್ತು. "ಕೋಟೆ ಬದಿಗೆ ಬೇಕಾದಷ್ಟು ಬಿದ್ಕಂಡದೆ ಅಮ್ಮಾ, ಯಾರು ಕೇಳ್ತಾರೆ?" ಎಂದ. ಸರಕಾರದ ಕೋಟೆಯ ಕಲ್ಲು ನನ್ನ ಅಂಗಳಕ್ಕೆ ಬಂದರೆ ಹಿಂದೆಯೇ ಪೊಲೀಸ್ ಪಟೇಲ ಬರುತ್ತಾನೆ, ಆಗ ಅವನಿಗೂ ನಿನ್ನ ಕಣ್ಣೊಳಗಿನ ಗೋಡೆ ತೋರಿಸು ಎಂದೆ. ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಬಹಳ ನೆಮ್ಮದಿಯ ಎರಡು ದಿನ.

ಅನುವಾದದ ಕಾದಂಬರಿ ಓದಿ ಓದಿ ನನ್ನ ತಲೆ ಕೆಟ್ಟಿದೆ ಎಂದು ನೀವು ಪ್ರತಿ ಸಲ ಹೇಳುತ್ತೀರಿ. ಆ ಕಾದಂಬರಿಗಳಲ್ಲಿ ಧಣಿ ಪಟ್ಟಣದಲ್ಲಿದ್ದರೆ ಊರಲ್ಲಿರುವ ಕಾರಭಾರಿ ಮೋಸ ಮಾಡುತ್ತಾನೆ. ಮೋಸಗಾರನನ್ನು ಧಣಿಯೇ ಹುಡುಕಿ, ಪತ್ರ ಕೊಟ್ಟು, ಹೆಂಡತಿಯ ಬಳಿಗೆ ಕಳಿಸಿದ್ದನ್ನು ಮಾತ್ರ ನಾನು ಯಾವ ಭಾಷೆಯಿಂದ ಬಂದ ಪುಸ್ತಕದಲ್ಲೂ ಓದಿಲ್ಲ.

ಈಗ ನಕಾಶೆಯ ವಿಷಯ. ಅದನ್ನು ನೀವೇ ಆಫೀಸಿನ ಕಾಗದದ ಹಿಂಭಾಗದಲ್ಲಿ ಕೆಂಪು ಪೆನ್ಸಿಲಿನಿಂದ, ಬಹಳ ಅಂದವಾಗಿ ಬರೆದಿದ್ದಿರಿ. ಗೋಡೆಯ ಗೆರೆಯ ಪಕ್ಕದಲ್ಲಿ "ಮಾವಿನ ಮರದಿಂದ ಬಾಂದುಕಲ್ಲಿಗೆ" ಎಂದು ನಿಮ್ಮದೇ ಅಕ್ಷರ. ಸರ್ವೆಯವರು ತೋಟದ ತೆಂಕು ಮೂಲೆಯಲ್ಲಿ ನೆಟ್ಟ ಬಾಂದುಕಲ್ಲು ಇನ್ನೂ ಅಲ್ಲೇ ಇದೆ. ಬಡಗು ಮೂಲೆಯ ಮಾವಿನ ಮರ ಇಲ್ಲ. ಅದು ೧೯೪೧ರ ಆಷಾಢದ ಗಾಳಿಗೆ ಬಿತ್ತು. ಆ ಮೇಲೆ ನೀವು ಐದು ಸಲ ಮನೆಗೆ ಬಂದಿದ್ದೀರಿ. ಆ ಮರದ ಕಟ್ಟಿಗೆಯಲ್ಲಿ ಕಾಯಿಸಿದ ನೀರಿನಲ್ಲೇ ಮಿಂದಿದ್ದೀರಿ. ಬಚ್ಚಲಿನಲ್ಲಿ ಹೊಗೆ ಹೆಚ್ಚು ಎಂದು ಗೊಣಗಿದ್ದೀರಿ. ಮರ ಎಲ್ಲಿ ಹೋಯಿತೆಂದು ಮಾತ್ರ ಕೇಳಲಿಲ್ಲ.

ತೋಟದಲ್ಲಿ ಈಗಿರುವ ಮಾವಿನ ಮರ ಒಂದೇ. ಬಾವಿಗಿಂತ ಹತ್ತು ಹೆಜ್ಜೆ ಮನೆಯ ಕಡೆಗೆ, ಬಡಗು ಬೇಲಿಗೆ ತಾಗಿ, ಎಸೆದ ಗೊರಟಿನಿಂದ ತಾನಾಗಿ ಹುಟ್ಟಿದ ಕಾಟುಮಾವು. ಗೋಡೆ ಆ ಮರದಿಂದ ಹೊರಟು, ತೋಟವನ್ನು ಓರೆಯಾಗಿ ಸೀಳಿಕೊಂಡು ಬಾಂದುಕಲ್ಲಿಗೆ ಮುಟ್ಟಿದೆ. ಬಾವಿ ಇರುವ ಮೂರು ಮೂಲೆಯ ಜಾಗ ಆಚೆ ಉಳಿಯಿತು. ಗೆರೆಯ ಮಟ್ಟಿಗೆ ನಕಾಶೆಯ ಒಂದು ಅಕ್ಷರವನ್ನೂ ಯಾರೂ ಮೀರಿಲ್ಲ. ಮಾಬ್ಲೇಶ್ವರ ಗೂಟ ನೆಟ್ಟು ದಾರ ಕಟ್ಟಿದ ದಿನ ನಾನು ಅಡಿಗೆಮನೆಯಿಂದ ಹೊರಗೆ ಬಂದಿರಲಿಲ್ಲ.

ಒಡೆದು ಮತ್ತೆ ಕಟ್ಟಿಸು ಎಂದು ನೀವು ಬರೆಯುತ್ತೀರಿ. ಆಗುವುದಿಲ್ಲ. ಚಿಪ್ಪಿಸುಣ್ಣ ಕಲ್ಲಿಗೆ ಕಚ್ಚಿ ಆಯಿತು, ಮಳೆಗೆ ಹದಿನೈದು ದಿನವಿದೆ, ಮಾಬ್ಲೇಶ್ವರ ತನ್ನ ಕೋಟು ಸಮೇತ ಭಟ್ಕಳಕ್ಕೆ ಇನ್ನೊಬ್ಬರ ಕೆಲಸ ಕೆಡಿಸಲು ಹೋಗಿದ್ದಾನೆ. ಮೇಲಾಗಿ ಆ ಬಾವಿಯ ವಿಷಯದಲ್ಲಿ ನಿಮಗೆ ತಿಳಿಯದ್ದು ಕೆಲವಿದೆ.

ಅದನ್ನು ತೋಡಿದವನು ಲಕ್ಕಿಯ ಮಾವ ದಾಸ. ಲಕ್ಕಿ ಯಾರೆಂದು ನಿಮಗೆ ಗೊತ್ತಿಲ್ಲ. ಹೋದ ವರ್ಷ ನಿಮ್ಮ ಚಹಾದ ಎದುರು ಹಾದವರಲ್ಲಿ ಮುಂದಿನವಳು. ದಾಸ, ಅವನ ಕೇರಿಯ ಹದಿನಾಲ್ಕು ಮನೆಯ ಗಂಡಸರು ಮೀನಿಗೆ ಹೋಗುವುದನ್ನು ಬಿಟ್ಟು ಒಂದು ಬೇಸಿಗೆಯಿಡೀ ತೋಡಿದರು. ನಿಮ್ಮ ತಂದೆಯವರು ಕೂಲಿ ಕೊಡಲಿಲ್ಲ. ಬದಲಿಗೆ ಬಾವಿಯಲ್ಲಿ ನೀರಿರುವ ತನಕ ಅವರ ಕೇರಿಗೆ ನೀರು ಎಂದು ಮಾತು ಕೊಟ್ಟರು. ಅತ್ತೆಯವರು ಸಾಯುವ ವಾರ ನನ್ನನ್ನು ಹತ್ತಿರ ಕರೆದು ಹೇಳಿದ ಎರಡು ಸಂಗತಿಗಳಲ್ಲಿ ಇದೊಂದು. ಇನ್ನೊಂದು ನಿಮ್ಮ ಸ್ವಭಾವದ ಬಗ್ಗೆ, ಅದು ಇಲ್ಲಿ ಬೇಡ.

ಆದರೆ ಮಾವನವರು ಮಾತು ಕೊಟ್ಟದ್ದು ನೀರಿಗೆ, ಹಗ್ಗಕ್ಕಲ್ಲ. ಕೇರಿಯವರು ಬಾವಿಕಟ್ಟೆ ಮುಟ್ಟಬಾರದು, ಮನೆಯ ಹೆಂಗಸೇ ಸೇದಿ ಅವರ ಕೊಡಕ್ಕೆ ಹೊಯ್ಯಬೇಕು. ಹದಿನೆಂಟು ವರ್ಷದಿಂದ ಆ ಹೆಂಗಸು ನಾನು. ಫಾಲ್ಗುಣದಿಂದ ಮಳೆ ಬೀಳುವವರೆಗೆ ದಿನಾ ಬೆಳಿಗ್ಗೆ ನಲವತ್ತು ಕೊಡ. ಹೊಳೆಯ ಉಪ್ಪುನೀರು ತಡೆಯುವ ಗಜನಿ ಗದ್ದೆಯ ಕಟ್ಟೆ ಒಡೆದು ಅಡಿಗೆಮನೆಯ ಬಾವಿಗೆ ಉಪ್ಪು ಹತ್ತಿದ ಮೇಲೆ ನಮ್ಮ ಮನೆಯ ನೀರೂ ಅದರ ಜೊತೆಗೆ. ನನ್ನ ಅಂಗೈ ನೀವು ನೋಡಿಲ್ಲ. ನೋಡುವ ಸಂದರ್ಭ ನಿಮಗೆ ಬಂದಿಲ್ಲ.

ಮೊದಲ ಗಾಡಿ ಕಲ್ಲು ಇಳಿದ ದಿನ ಲಕ್ಕಿ ಬೇಲಿ ದಾಟುವ ದಣಪೆಯ ಹತ್ತಿರವೇ ನಿಂತಳು.

"ಅಮಾ, ಇದೆಲ್ಲ ಎಂತಕೆ? ನಿಮ್ಮ ಕಾಯಿ ನಾವು ಹೊತ್ಕಂಡ್ ಹೋಗ್ತೇವು ಅಂತಾ?"

ಕಾಯಿಗಲ್ಲ, ನಿಮ್ಮ ಮುಖ ರಾಯರಿಗೆ ಕಾಣಬಾರದಂತೆ ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ರಾಯರ ಮುಖ ನಮಗೂ ಕಾಣ್ತಿತ್ತಲ್ಲ ಅಮಾ, ನಾವು ಗೋಡೆ ಕೇಳಿದ್ವಾ?" ಎಂದಳು. ನಗು ನಿಂತ ಮೇಲೆ ಇನ್ನೊಂದು ಕೇಳಿದಳು. "ಗೋಡೆ ಆದ ಮೇಲೆ ವೈಶಾಖದಾಗೆ ನಾವು ಎಂತ ಕುಡೂದು?" ಗುಡ್ಡದಾಚೆಯ ಒರತೆಗೆ ಹೋಗಿ ಬರಲು ಮೂರು ಮೈಲಿ. ಅವಳ ಸೊಸೆಗೆ ಏಳು ತಿಂಗಳು ಆಗಿತ್ತು. ಉತ್ತರವನ್ನು ನಿಮ್ಮ ನಕಾಶೆಯಲ್ಲಿ ಹುಡುಕಿದೆ, ಅಲ್ಲಿ ಇರಲಿಲ್ಲ. "ಬಾಗಿಲು ಬೇಡ" ಎಂದು ಮಾತ್ರ ಬರೆದಿದ್ದಿರಿ, ಕೆಳಗೆ ಎರಡು ಗೆರೆ ಎಳೆದು.

ಬಾಗಿಲಿನ ಮಟ್ಟಿಗೆ ನಿಮ್ಮ ಮಾತು ಮೀರಿದ್ದೇನೆ. ಮಾವಿನ ಮರದ ಬುಡದಲ್ಲಿ ಒಬ್ಬರು ಕೊಡ ಹಿಡಿದು ಹಾಯುವಷ್ಟು ಬಾಗಿಲು ಇಡಿಸಿದ್ದೇನೆ, ಕೀಲಿಕೈ ನನ್ನ ಸೊಂಟದಲ್ಲಿದೆ. ನೀರಿಗೆ ಈಗ ನಾನೇ ಹೊರಗೆ ಹೋಗಬೇಕಲ್ಲ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಹೋದೆ. ಕೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಎಂದಿನ ಹಾಗೆ ದೂರ ನಿಂತಿದ್ದರು. ಲಕ್ಕಿ ಹಗ್ಗದ ಕಡೆಗೆ ನೋಡಿ, "ಮುಟ್ಟೂದಾ ಅಮಾ?" ಎಂದಳು. ಬಾವಿ ಪಾಗಾರದ ಆಚೆ ಇದೆ, ಈಚೆಯವಳನ್ನು ಯಾಕೆ ಕೇಳುತ್ತೀ ಎಂದೆ. ಅವಳು ಕಟ್ಟೆ ಹತ್ತಿದಳು. ಹಗ್ಗದ ಗಡಗಡೆ ತಿರುಗಿತು. ಮೊದಲ ಕೊಡ ಮೇಲೆ ಬಂದಾಗ ತನ್ನದಕ್ಕೆ ಹೊಯ್ದುಕೊಳ್ಳದೆ ನನ್ನ ಕಡೆಗೆ ತಿರುಗಿ ನಿಂತಳು. ನಾನು ನನ್ನ ಕೊಡ ಮುಂದೆ ಹಿಡಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಬೇರೊಬ್ಬರು ಸೇದಿದ ನೀರು ನಾನು ಮನೆಗೆ ತಂದೆ. ರುಚಿ ಬದಲಾಗಿಲ್ಲ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಕೇರಿಯವರು ಮುಟ್ಟಿದ ಹಗ್ಗದ ನೀರು ಕುಡಿಯಬೇಕೋ, ಅಡಿಗೆಮನೆಯ ಬಾವಿಯ ಉಪ್ಪುನೀರು ಕುಡಿಯಬೇಕೋ ನೀವೇ ತೀರ್ಮಾನಿಸಿ. ಎರಡರಲ್ಲೂ ಚಹಾ ಮಾಡಿ ನೋಡಿದ್ದೇನೆ. ಉಪ್ಪುನೀರಿನಲ್ಲಿ ಹಾಲು ಒಡೆಯುತ್ತದೆ. ತೀರ್ಮಾನಕ್ಕೆ ದೀಪಾವಳಿಯವರೆಗೆ ಸಮಯವಿದೆ. ನಾನು ನನ್ನದನ್ನು ಮಾಡಿಕೊಂಡಿದ್ದೇನೆ.

ನಿಮ್ಮ ಆರೋಗ್ಯದ ಕಡೆ ಗಮನವಿರಲಿ.

ಇತಿ,
ಹದಿನೆಂಟು ವರ್ಷಗಳಿಂದ ನಿಮ್ಮ ಮನೆಯಲ್ಲಿರುವ
ನೀಲಾ

ತಾ. ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ನೀವು ಮಾಬ್ಲೇಶ್ವರನ ಮೇಲೆ ದಾವೆ ಹೂಡಬಹುದೆಂದು ತೋರಿತು. ಗೂಟ ನೆಟ್ಟ ದಿನ ನಾನು ಅಡಿಗೆಮನೆಯಲ್ಲಿದ್ದೆ ಎಂದು ಬರೆದದ್ದು ನಿಜ. ಮರುದಿನದ ವಿಷಯ ಬರೆದಿರಲಿಲ್ಲ. ಬೊಮ್ಮಯ್ಯ ಹಳೆಯ ಮಾವಿನ ಬುಡ ಹುಡುಕಿ ತೋರಿಸಿದ್ದರಿಂದ ಮಾಬ್ಲೇಶ್ವರ ಗೂಟಗಳನ್ನು ಸರಿಯಾಗಿಯೇ ನೆಟ್ಟಿದ್ದ, ಬಾವಿ ಒಳಗೇ ಇತ್ತು. ಮರುದಿನ ಅವನು ಸುಣ್ಣಕ್ಕೆಂದು ಕುಮಟೆಗೆ ಹೋಗಿದ್ದಾಗ ಅವನ್ನೆಲ್ಲ ಕಿತ್ತು ಕಾಟುಮಾವಿನಿಂದ ನೆಟ್ಟವಳು ನಾನು. ದಾರದ ಇನ್ನೊಂದು ತುದಿ ಹಿಡಿದವಳು ಲಕ್ಕಿ. ಬೊಮ್ಮಯ್ಯ ಬಂದವನು ಹಳೆಯ ಗೂಟದ ಕುಳಿ ನೋಡಿದ, ನನ್ನನ್ನು ನೋಡಿದ, ಕುಳಿಗಳನ್ನು ಹಿಮ್ಮಡಿಯಿಂದ ಮೆಟ್ಟಿ ಮುಚ್ಚಿ ಪಾಯ ಅಗೆಯಲು ಶುರುಮಾಡಿದ. ಮಾಬ್ಲೇಶ್ವರ ಸಂಜೆ ಬಂದು ದಾರದ ಎದುರು ಒಂದು ಕಣ್ಣು ಮುಚ್ಚಿ ನಿಂತು, "ನೋಡಿ ಅಮ್ಮಾ, ನಾನು ನಿನ್ನೆ ನೆಟ್ಟ ಗೂಟ, ಕೂದಲೆಳೆಯಷ್ಟು ಆಚೀಚೆ ಇಲ್ಲ" ಎಂದ. ತಾನು ಮಾಡದ ಕೆಲಸದ ಹೆಸರು ಇಂಥವನಿಗೆ ಹೋಗುವುದನ್ನು ನನ್ನಿಂದ ಸಹಿಸಲಾಗದು, ಅದಕ್ಕೇ ಬರೆದೆ. ಬರುವಾಗ ಮುಂಬಯಿಯಿಂದ ನಿಮಗೊಂದು ಕೊಡಪಾನ ತನ್ನಿ. ಬಾವಿಯ ಹತ್ತಿರ ಬೆಳಿಗ್ಗೆ ಸರತಿ ಇರುತ್ತದೆ, ಲಕ್ಕಿಯ ಹಿಂದೆ ನಿಲ್ಲಬೇಕಾಗುತ್ತದೆ.