ಹುಲ್ಲು ಸುಡದ ಹೊಲ

ನಮ್ಮ ಮಗಳು ಹರ್ಲೀನಳ ಬಾಪು,

ವಾಹೇಗುರು ನಿಮ್ಮನ್ನು ತನ್ನ ನೆರಳಿನಲ್ಲಿ ಇಟ್ಟುಕೊಂಡಿರಲಿ. ಇದನ್ನು ಬರೆದು ಪ್ರಾರ್ಥನೆಯ ಪುಸ್ತಕದೊಳಗೆ ಮಡಚಿಡುತ್ತೇನೆ.

ನೀವು ತೀರಿಹೋದ ಮೇಲೆ ಇದು ಮೊದಲ ಗೋಧಿ. ಭತ್ತ ಕೊಯ್ದ ಮೇಲೆ ಊರವರೆಲ್ಲರಂತೆ ಕೂಳೆಗೆ ಬೆಂಕಿ ಇಡಲಿಲ್ಲ. ನೀವು ಹೇಳುತ್ತಿದ್ದ ಯಂತ್ರ ತರಿಸಿ ಹುಲ್ಲಿನ ನಡುವೆಯೇ ಬಿತ್ತಿಸಿದೆ. ಪಕ್ಕದ ಹೊಲದ ಮುಖ್ತಿಯಾರ್ ಸಿಂಗ್ ಬದುವಿನ ಮೇಲೆ ನಿಂತು ನಕ್ಕಿದ್ದ: "ಭಾಭೀ, ಇದೇನು ಹೊಲಾನೋ, ತಲೆ ಬಾಚದ ಹುಚ್ಚನೋ?"

ನಿನ್ನೆ ಸಂಜೆ ಬಿರುಗಾಳಿ, ಮಳೆ. ಇವತ್ತು ಗುರುದ್ವಾರದಿಂದ ನೇರ ಹೊಲಕ್ಕೆ ಹೋದೆ. ಮುಖ್ತಿಯಾರನ ಗೋಧಿ ಚಾಪೆ ಹಾಸಿದಂತೆ ಮಲಗಿತ್ತು. ನಮ್ಮದು ನಿಂತಿತ್ತು. ಹುಲ್ಲು ಸರಿಸಿ ನೋಡಿದೆ. ಮಣ್ಣು ಮೆತ್ತಗಿತ್ತು, ಎರೆಹುಳುಗಳಿದ್ದವು.

"ಮುಂದಿನ ಸಲ ಆ ಮಷೀನು ನನ್ನ ಹೊಲಕ್ಕೂ ಕಳಿಸ್ತೀರಾ, ಭಾಭೀ?" ಬದುವಿನ ಮೇಲೆ ನಿಂತಿದ್ದ ಮುಖ್ತಿಯಾರ್ ಅಂದ.

"ಮೊದಲು ನಿನ್ನ ಬೆಂಕಿಪೊಟ್ಟಣ ತಂದು ನನ್ನ ಕೈಗೆ ಕೊಡು" ಅಂದೆ. ಅವನು ನಕ್ಕ. ನನಗೆ ನಗಲಾಗಲಿಲ್ಲ.

ಎರಡು ವರ್ಷದ ಹಿಂದೆ, ನೀವು ಗುರುದ್ವಾರದ ಲಂಗರಿನಲ್ಲಿ ಊಟ ಬಡಿಸುವ ಸೇವೆಗೆ ಹೋಗಿದ್ದಾಗ, ಸುಡಬೇಡವೆಂದು ನೀವು ಬಿಟ್ಟಿದ್ದ ಹುಲ್ಲೆಲ್ಲ ಉರಿದುಹೋಯಿತು. ಮುಖ್ತಿಯಾರನ ಹೊಲದ ಕಿಡಿ ಗಾಳಿಗೆ ಹಾರಿ ಬಂತು ಎಂದು ನಿಮಗೆ ಹೇಳಿದೆ. ಊರವರ ನಗೆಯನ್ನು ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.  ನೀವು ನನ್ನ ಬಲಗೈ ಹಿಡಿದು, ಸುಟ್ಟ ಬೆರಳುಗಳಿಗೆ ತುಪ್ಪ ಸವರಿದಿರಿ.

ಈಗಲೂ ರೊಟ್ಟಿಗೆ ತುಪ್ಪ ಸವರುವಾಗ ನಿಮ್ಮ ಕೈ ಬೇಕೆನಿಸುತ್ತದೆ.

ಅವತ್ತು ಗಾಳಿಯೇ ಇರಲಿಲ್ಲ, ಅಲ್ಲವೇ ಜೀ?