ಹರಿದ ಸ್ಪೀಕರ್

ಕ್ಲೈವ್,

ಸತ್ತು ಬಚಾವಾದೆ ನೀನು. ಇವತ್ತು ಜೀಲಾಂಗಿನಲ್ಲಿ ನಿನ್ನ ಗಿಟಾರುಗಳ ಪ್ರದರ್ಶನ ಶುರುವಾಯಿತು. ಗಿಟಾರಿಗೆ ಜೋಡಿಸುತ್ತಿದ್ದ ನಿನ್ನ ಹರಿದ ಸ್ಪೀಕರ್ ತೆಗೆದು ಹೊಸದು ಹಾಕಿದ್ದಾರೆ! ಒಬ್ಬ ಹುಡುಗಿ ನಿನ್ನ ಹಾಡು ನುಡಿಸಿದರೆ ಚರ್ಚಿನ ಪ್ರಾರ್ಥನೆಯಂತೆ ಕೇಳಿತು.

"ಹರಿದಿದ್ದಕ್ಕೇ ಕಣಯ್ಯಾ ಆ ಗೊರಗೊರ ದನಿ ಬಂದಿದ್ದು," ಎಂದು ಮೇಲ್ವಿಚಾರಕನಿಗೆ ಹೇಳಿದೆ.

"ಗೊತ್ತಜ್ಜಿ, ಅವರೇ ಬ್ಲೇಡಲ್ಲಿ ಕುಯ್ದಿದ್ದಂತೆ. ಎಲ್ಲಾ ಸಂದರ್ಶನದಲ್ಲೂ ಹೇಳಿದಾರಲ್ಲ. ಅದಕ್ಕೇ ಗಾಜಿನ ಪೆಟ್ಟಿಗೇಲಿ ಜೋಪಾನವಾಗಿ ಇಟ್ಟಿದೀವಿ."

ಬ್ಲೇಡಂತೆ! ರೆಕಾರ್ಡಿನಿಂದ ನನ್ನ ಡ್ರಮ್ಸ್ ತೆಗೆಸಿದೆಯೆಂದು ನಾನು ಬೂಟುಗಾಲಲ್ಲಿ ಒದ್ದದ್ದಲ್ಲವೇನೋ ಅದು? ಸಾಯುವತನಕ ಒಮ್ಮೆಯೂ ನನ್ನ ಹೆಸರೆತ್ತಲಿಲ್ಲ ನೀನು.

ಹೊಸ ಸ್ಪೀಕರಿಗೂ ಝಾಡಿಸಿ ಒದ್ದೆ. ಹುಡುಗಿ ಬೆಚ್ಚಿಬಿದ್ದು ತಂತಿ ಮೀಟಿದಳು. ನಿನ್ನದೇ ಗೊರಗೊರ ದನಿ ಬಂತು.

ಅತ್ತೆನೆಂದುಕೊಳ್ಳಬೇಡ. ಕಾಲು ನೋಯುತ್ತಿತ್ತು.

ಮ್ಯಾವಿಸ್